ಹಂಡೆ ಒಲೆ ಹಚ್ಚಿದವಳು ಫರ್ನೇಸ್ ಹಚ್ಚಲು ಹೋದಾಗ

ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯಲ್ಲಿ ಬೆಳಿಗ್ಗೆ ಹಂಡೆಗೆ ಉರಿ ಹಾಕುವ ಕೆಲಸ ನನ್ನದಾಗಿತ್ತು. ಅಡಿಕೆ ಸಿಪ್ಪೆ, ಒಣಗಿದ ತೆಂಗಿನ ಗರಿ, ಮಳೆಗಾಲವಾದರೆ ಒಂದು ಚೂರು ಸೀಮೆಎಣ್ಣೆ. ಊದುಕೊಳವೆಯಲ್ಲಿ ನಾಲ್ಕು ಸಲ ಊದಿದರೆ ಬಚ್ಚಲು ಮನೆ ತುಂಬ ಹೊಗೆ, ಆಮೇಲೆ ಉರಿ. ಒಲೆ ಹತ್ತದಿದ್ದರೆ ಆಗುತ್ತಿದ್ದ ನಷ್ಟ ಇಷ್ಟೇ: ಅಪ್ಪ ತಣ್ಣೀರಲ್ಲಿ ಸ್ನಾನ ಮಾಡಿ ಮಧ್ಯಾಹ್ನದವರೆಗೆ ಗೊಣಗುತ್ತಿದ್ದರು. ಹತ್ತದ ಒಲೆಗೆ ಮತ್ತೆ ಮತ್ತೆ ಕಡ್ಡಿ ಗೀರುವುದು ನನಗೆ ಹುಟ್ಟಿನಿಂದ ಬಂದ ಅಭ್ಯಾಸ. ಅದೇ ಅಭ್ಯಾಸ ಒಂದು ದಿನ ನನ್ನನ್ನೂ ಮಗಳನ್ನೂ ರಾತ್ರಿ ಹೊತ್ತು ಬೀದಿಯಲ್ಲಿ ನಿಲ್ಲಿಸಿತು.

2018ರ ಜುಲೈನಲ್ಲಿ ಅಮೆರಿಕದ ಮಿಷಿಗನ್ ರಾಜ್ಯದಲ್ಲಿ, ಡೆಟ್ರಾಯ್ಟ್ ಪಕ್ಕದ ಲಿವೋನಿಯಾದಲ್ಲಿ ಮನೆ ತೆಗೆದುಕೊಂಡೆವು. 1950ರ ದಶಕದ ಇಟ್ಟಿಗೆ ಮನೆ, ಒಂದೇ ಅಂತಸ್ತು, ಕೆಳಗೆ ಬೇಸ್‌ಮೆಂಟ್. ಆ ಬೇಸ್‌ಮೆಂಟಿನ ಮೂಲೆಯಲ್ಲಿ ಬೀರುವಿನಷ್ಟು ಎತ್ತರದ ತಗಡಿನ ಪೆಟ್ಟಿಗೆ ನಿಂತಿತ್ತು. ಅದೇ ಫರ್ನೇಸ್, ಚಳಿಗಾಲದಲ್ಲಿ ಮನೆಯಿಡೀ ಬಿಸಿ ಮಾಡುವ ಯಂತ್ರ. ಮನೆ ತಪಾಸಣೆಗೆ ಬಂದವನು "ಹಳೇದು, ಆದರೆ ನಡೆಯುತ್ತೆ" ಎಂದು ಬರೆದು ಕೈತೊಳೆದುಕೊಂಡಿದ್ದ. ಜುಲೈನ ಸೆಕೆಯಲ್ಲಿ ಅದರ ಕಡೆ ನಾವು ತಿರುಗಿಯೂ ನೋಡಲಿಲ್ಲ. ಮೊದಲಿದ್ದವರು ಬೇಸಿಗೆಗೆಂದು ಅದನ್ನು ಆರಿಸಿ ಹೋಗಿದ್ದರು ಅನ್ನುವುದೂ ಗೊತ್ತಾಗಲಿಲ್ಲ.

ಕಾಣದವರಿಗೆ ಒಂದು ಮಾತು. ಇದು ಕೋಣೆಯಲ್ಲಿಟ್ಟುಕೊಳ್ಳುವ ಹೀಟರ್ ಅಲ್ಲ. ಪೈಪಿನಲ್ಲಿ ಬರುವ ಗ್ಯಾಸ್ ಪೆಟ್ಟಿಗೆಯೊಳಗಿನ ಬರ್ನರ್‌ಗಳಲ್ಲಿ ಉರಿಯುತ್ತದೆ. ಆ ಬಿಸಿ ಒಂದು ಲೋಹದ ಗೂಡನ್ನು ಕಾಯಿಸುತ್ತದೆ. ಗೂಡಿನ ಒಳಗಿನ ಹೊಗೆ ಚಿಮಣಿಯಿಂದ ಹೊರಗೆ ಹೋಗುತ್ತದೆ, ಹೊರಮೈ ಸವರಿಕೊಂಡು ಹೋದ ಗಾಳಿ ತಗಡಿನ ಕೊಳವೆಗಳಲ್ಲಿ ಕೋಣೆ ಕೋಣೆಗೆ ಬರುತ್ತದೆ. ಹೊಗೆ ಬೇರೆ, ಗಾಳಿ ಬೇರೆ. ಎರಡೂ ಯಾವತ್ತೂ ಸೇರಬಾರದು. ನಮ್ಮದು 1980ರ ದಶಕದ್ದು, ಒಳಗೆ ಪೈಲಟ್ ಅನ್ನುವ ಪುಟ್ಟ ಜ್ವಾಲೆ ಹಗಲೂ ರಾತ್ರಿ ಉರಿಯುವಂಥದ್ದು. ನಂದಾದೀಪ ಅಂದುಕೊಳ್ಳಿ. ಚಳಿ ಬಿದ್ದಾಗ ಗೋಡೆಯ ಥರ್ಮೋಸ್ಟ್ಯಾಟ್ ಬಿಸಿ ಬೇಕೆಂದು ಹೇಳುತ್ತದೆ, ದೊಡ್ಡ ಗ್ಯಾಸ್ ಬಿಡುತ್ತದೆ, ನಂದಾದೀಪದಿಂದ ದೊಡ್ಡ ಉರಿ ಹತ್ತಿಕೊಳ್ಳುತ್ತದೆ. ನಂದಾದೀಪ ಆರಿದ್ದರೆ ಅದನ್ನು ಕೈಯಲ್ಲೇ ಹಚ್ಚಬೇಕು.

ಅಕ್ಟೋಬರ್ ನಡುವೆ ಒಂದು ಸಂಜೆ ಚಳಿ ಇಳಿಯಿತು. ಮನೆಯವರು ಆಫೀಸಿನ ಕೆಲಸಕ್ಕೆ ಜರ್ಮನಿಗೆ ಹೋಗಿದ್ದರು. ಮನೆಯಲ್ಲಿ ನಾನು, ಆರು ವರ್ಷದ ಮಗಳು. ಥರ್ಮೋಸ್ಟ್ಯಾಟ್ ಏರಿಸಿದೆ, ಏನೂ ಆಗಲಿಲ್ಲ. ಕೆಳಗೆ ಹೋಗಿ ಮುಂದಿನ ತಗಡು ತೆಗೆದೆ. ಒಳಗೆ ಅಂಟಿಸಿದ್ದ ಹಳದಿಗಟ್ಟಿದ ಲೇಬಲ್‌ನಲ್ಲಿ ಹಚ್ಚುವ ಕ್ರಮ ಸಾಲಾಗಿ ಬರೆದಿತ್ತು. ಥರ್ಮೋಸ್ಟ್ಯಾಟ್ ಪೂರ್ತಿ ಇಳಿಸಿ. ಕರೆಂಟ್ ಸ್ವಿಚ್ ಆರಿಸಿ. ಗ್ಯಾಸ್ ಗುಂಡಿಯನ್ನು ಆಫ್‌ಗೆ ತಿರುಗಿಸಿ. ಐದು ನಿಮಿಷ ಕಾಯಿರಿ. ನೆಲದ ಹತ್ತಿರವೂ ಮೂಸಿ ನೋಡಿ. ವಾಸನೆ ಇಲ್ಲದಿದ್ದರೆ ಮಾತ್ರ ಮುಂದಿನ ಹೆಜ್ಜೆ.

ಎಲ್ಲ ಮಾಡಿದೆ, ಐದು ನಿಮಿಷ ಕಾಯುವುದೊಂದನ್ನು ಬಿಟ್ಟು. ತಿಂಗಳುಗಟ್ಟಲೆ ಆರಿಯೇ ಇರುವ ಒಲೆಗೆ ಇನ್ನು ಐದು ನಿಮಿಷ ಏಕೆ ಅನ್ನಿಸಿತು. ಗುಂಡಿಯನ್ನು ಪೈಲಟ್‌ಗೆ ತಿರುಗಿಸಿ ಒತ್ತಿ ಹಿಡಿದೆ. ಇನ್ನೊಂದು ಕೈಯಲ್ಲಿ ಉದ್ದನೆಯ ಲೈಟರ್. ಅದು ಒಂದೆರಡು ಸಲ ಕಿಡಿ ಕೊಟ್ಟು ಸುಮ್ಮನಾಯಿತು, ಅಷ್ಟು ಹೊತ್ತೂ ಗ್ಯಾಸ್ ಬರುತ್ತಲೇ ಇತ್ತು. ಮೂರನೆಯ ಸಲ ಪೈಲಟ್ ಹತ್ತಿತು. ಖುಷಿಯಲ್ಲಿ ಗುಂಡಿ ಬಿಟ್ಟೆ, ಆರಿತು. ಮತ್ತೆ ಒತ್ತಿದೆ, ಹಚ್ಚಿದೆ, ಬಿಟ್ಟೆ, ಆರಿತು. ಬಚ್ಚಲು ಒಲೆಯ ಹಟ ನನ್ನೊಳಗೆ ಎದ್ದುಬಿಟ್ಟಿತ್ತು. ನಾಲ್ಕೋ ಐದೋ ಸಲ ಆಗಿರಬೇಕು, ಮೆಟ್ಟಿಲ ಮೇಲೆ ಕೂತಿದ್ದ ಮಗಳು ಮೂಗು ಮುಚ್ಚಿಕೊಂಡು, "ಅಮ್ಮಾ, ಇಲ್ಲಿ ಕೊಳೆತ ಮೊಟ್ಟೆ ವಾಸನೆ" ಎಂದಳು.

ನನ್ನ ಬೆರಳು ಲೈಟರ್ ಮೇಲೆಯೇ ಇತ್ತು.

ಪೆಟ್ಟಿಗೆಯ ಮುಂದೆ ಮಂಡಿಯೂರಿ ಕೂತ ನನ್ನ ಮೂಗಿಗೆ ಅದು ಹೊಂದಿಕೊಂಡುಬಿಟ್ಟಿತ್ತು. ಮೆಟ್ಟಿಲ ಹತ್ತಿರ ಇದ್ದವಳಿಗೆ ಬಡಿಯಿತು. ಪೈಪಿನ ಗ್ಯಾಸ್ ಹೆಚ್ಚಿನ ಪಾಲು ಮೀಥೇನ್, ಗಾಳಿಗಿಂತ ಹಗುರ, ಮೇಲೇರುತ್ತದೆ. ನಮ್ಮೂರ ಸಿಲಿಂಡರ್ ಗ್ಯಾಸ್ ಗಾಳಿಗಿಂತ ಭಾರ, ನೆಲದಲ್ಲಿ ಹರಡಿ ಕೂರುತ್ತದೆ. ಇಲ್ಲಿ ಕೆಲವು ಮನೆಗಳಲ್ಲಿ ಹೊರಗೆ ಟ್ಯಾಂಕ್ ಇಟ್ಟುಕೊಂಡು ಆ ಭಾರದ ಗ್ಯಾಸನ್ನೇ ಉರಿಸುತ್ತಾರೆ, ಅದಕ್ಕೇ ಲೇಬಲ್ ನೆಲದ ಹತ್ತಿರವೂ ಮೂಸಲು ಹೇಳುವುದು. ಇದೆಲ್ಲ ಆಮೇಲೆ ತಿಳಿದದ್ದು. ಆಗ ನೆನಪಾದದ್ದು ಲೇಬಲ್‌ನ ದಪ್ಪ ಅಕ್ಷರದ ಮಾತು ಮಾತ್ರ: ವಾಸನೆ ಬಂದರೆ ನಿಲ್ಲಿಸಿ, ಯಾವ ಸ್ವಿಚ್ಚನ್ನೂ ಮುಟ್ಟಬೇಡಿ, ಮನೆಯೊಳಗಿಂದ ಫೋನ್ ಮಾಡಬೇಡಿ, ಹೊರಗೆ ಹೋಗಿ.

ಗುಂಡಿಯನ್ನು ಆಫ್‌ಗೆ ತಿರುಗಿಸಿದೆ. ಬೇಸ್‌ಮೆಂಟಿನ ಲೈಟ್ ಆರಿಸಲು ಕೈ ತಾನಾಗಿ ಸ್ವಿಚ್ ಕಡೆ ಹೋಯಿತು. ಕೋಣೆ ಬಿಡುವಾಗ ಲೈಟ್ ಆರಿಸದಿದ್ದರೆ ಅಮ್ಮನಿಂದ ಬೈಸಿಕೊಂಡು ಬೆಳೆದವಳು ನಾನು. ಕೈ ಹಿಂದೆಳೆದುಕೊಂಡೆ. ಸ್ವಿಚ್ ಹಾಕಿದರೂ ಕಿಡಿ, ಆರಿಸಿದರೂ ಕಿಡಿ. ಮಗಳಿಗೆ ಜಾಕೆಟ್ ಹಾಕಿಸಿ ಹೊರಗೆ ಬಂದು, ರಸ್ತೆಯ ಅಂಚಿನಿಂದ ಗ್ಯಾಸ್ ಕಂಪನಿಯ ತುರ್ತು ನಂಬರಿಗೆ ಫೋನ್ ಮಾಡಿದೆ. ಮನೆಯ ಕಿಟಕಿಗಳಲ್ಲಿ ದೀಪಾವಳಿಯ ಹಾಗೆ ಲೈಟು ಉರಿಯುತ್ತಿತ್ತು, ನಾವಿಬ್ಬರೂ ಹೊರಗೆ ನಡುಗುತ್ತಿದ್ದೆವು.

ಪಕ್ಕದ ಮನೆಯ ಅಜ್ಜ ಕಿಟಕಿಯಿಂದ ನೋಡಿರಬೇಕು, ಬಾಗಿಲು ತೆಗೆದು ಕರೆದ. ಕಾರು ಫ್ಯಾಕ್ಟರಿಯಲ್ಲಿ ದುಡಿದು ನಿವೃತ್ತನಾದವನು, ಒಬ್ಬನೇ ಇರುತ್ತಾನೆ. ಮಗಳಿಗೆ ಹಾಟ್ ಚಾಕೊಲೇಟ್ ಕೊಟ್ಟು, ನನ್ನ ಕಡೆ ತಿರುಗಿ ಒಂದೇ ಪ್ರಶ್ನೆ ಕೇಳಿದ: "ಐದು ನಿಮಿಷ ಕಾದೆಯಾ?"

"ಸುಮಾರು" ಎಂದೆ.

"ಗಡಿಯಾರ ನೋಡಿಕೊಂಡು?"

ನಾನು ಮಾತಾಡಲಿಲ್ಲ. ಅವನೂ ಮತ್ತೆ ಕೇಳಲಿಲ್ಲ. ಅಡಿಗೆಮನೆಯ ಗೋಡೆ ಗಡಿಯಾರವನ್ನು ಸುಮ್ಮನೆ ಒಮ್ಮೆ ತೋರಿಸಿದ.

ಗ್ಯಾಸ್ ಕಂಪನಿಯವನು ಬಂದ. ಕೈಯಲ್ಲಿ ಟಿಕ್ ಟಿಕ್ ಎನ್ನುವ ಒಂದು ಯಂತ್ರ, ಅದರ ಮೂಗನ್ನು ಪೈಪಿನ ಒಂದೊಂದು ಜಾಯಿಂಟಿಗೂ ಹಿಡಿಯುತ್ತ ಹೋದ. ಆಮೇಲೆ ಸೋಪಿನ ನೀರು ಹಚ್ಚಿ ಗುಳ್ಳೆ ಏಳುತ್ತದಾ ಅಂತ ನೋಡಿದ. ಪೈಪು ಸರಿಯಾಗಿತ್ತು. ವಾಸನೆ ನಾನೇ ಬಿಟ್ಟ ಗ್ಯಾಸಿನದು. ಪೈಲಟ್ ಮಾತ್ರ ಅವನ ಕೈಗೂ ನಿಲ್ಲಲಿಲ್ಲ. ಗ್ಯಾಸ್ ಪೈಪಿನ ಕಾಕ್ ಅಡ್ಡ ತಿರುಗಿಸಿ, "ರಿಪೇರಿ ಆಗುವವರೆಗೆ ಮುಟ್ಟಬಾರದು" ಎಂದು ಒಂದು ಚೀಟಿ ಕಟ್ಟಿ ಹೋದ. ನಮ್ಮನ್ನು ಕಾಪಾಡಿದ ಆ ಕೆಟ್ಟ ವಾಸನೆ ಗ್ಯಾಸಿನ ಸ್ವಂತದ್ದಲ್ಲ, ಮರ್ಕ್ಯಾಪ್ಟಾನ್ ಅನ್ನುವುದನ್ನು ಬೇಕೆಂದೇ ಸೇರಿಸುತ್ತಾರೆ ಎಂದು ಹೇಳಿದವನೂ ಅವನೇ. 1937ರ ಮಾರ್ಚ್ 18ರಂದು ಟೆಕ್ಸಾಸ್‌ನ ನ್ಯೂ ಲಂಡನ್ ಎಂಬಲ್ಲಿ ವಾಸನೆಯಿಲ್ಲದ ಗ್ಯಾಸ್ ಸೋರಿ ಒಂದು ಶಾಲೆಯೇ ಸಿಡಿದು ಸುಮಾರು 300 ಜನ ಸತ್ತರು, ಹೆಚ್ಚಿನವರು ಮಕ್ಕಳು. ವಾಸನೆ ಸೇರಿಸುವುದು ಕಡ್ಡಾಯವಾದದ್ದು ಅದರ ನಂತರ. ಆ ರಾತ್ರಿ ಅಜ್ಜ ಕೊಟ್ಟ ಎಲೆಕ್ಟ್ರಿಕ್ ಹೀಟರ್ ಹಾಕಿಕೊಂಡು ಇಬ್ಬರೂ ಒಂದೇ ರಜಾಯಿಯಲ್ಲಿ ಮಲಗಿದೆವು. ನನಗೆ ನಿದ್ದೆ ಬರಲಿಲ್ಲ.

ಮರುದಿನ ಬಂದ ಮೆಕ್ಯಾನಿಕ್ ಹೆಚ್ಚು ಮಾತಿನವನಲ್ಲ. ಆದರೆ ಕೇಳಿದರೆ ಹೇಳುತ್ತಿದ್ದ. ತಪ್ಪು ಥರ್ಮೋಕಪಲ್‌ನದು ಎಂದ. ಪೆನ್ಸಿಲ್‌ಗಿಂತ ತೆಳ್ಳಗಿನ ತಾಮ್ರದ ಕಡ್ಡಿ, ಅದರ ತುದಿ ಸದಾ ಪೈಲಟ್ ಜ್ವಾಲೆಯೊಳಗೆ ಇರುತ್ತದೆ. ತುದಿಯಲ್ಲಿ ಎರಡು ಬೇರೆ ಬೇರೆ ಲೋಹಗಳ ಬೆಸುಗೆ. ಅದು ಕಾದರೆ ತುಸು ಕರೆಂಟು ಹುಟ್ಟುತ್ತದೆ. ಎಷ್ಟು? 25-30 ಮಿಲಿವೋಲ್ಟ್, ಟಿವಿ ರಿಮೋಟಿನ ಸೆಲ್ಲಿನ ಐವತ್ತರಲ್ಲಿ ಒಂದು ಪಾಲು. ಆ ಕರೆಂಟಿಗೆ ವಾಲ್ವನ್ನು ಎಳೆದು ತೆಗೆಯುವ ತಾಕತ್ತಿಲ್ಲ, ತೆಗೆದದ್ದನ್ನು ಹಿಡಿದುಕೊಂಡಿರುವಷ್ಟು ಮಾತ್ರ ಇದೆ. ಅದಕ್ಕೇ ಗುಂಡಿಯನ್ನು ನಾವು ಒತ್ತಬೇಕು, ತುದಿ ಕಾಯುವವರೆಗೆ ಒತ್ತಿಕೊಂಡೇ ಇರಬೇಕು. ಪೈಲಟ್ ಆರಿದರೆ ತುದಿ ತಣ್ಣಗಾಗುತ್ತದೆ, ಹಿಡಿತ ಬಿಡುತ್ತದೆ, ಗ್ಯಾಸ್ ತಾನಾಗಿ ನಿಲ್ಲುತ್ತದೆ. ಇದಕ್ಕಿಂತ ಸರಳವಾದ ಕಾವಲುಗಾರನನ್ನು ನಾನು ಕಂಡಿಲ್ಲ. ಹಿಂದಿನ ಸಂಜೆ ಅದು ತನ್ನ ಕೆಲಸ ಮಾಡುತ್ತಿತ್ತು, ನಾನು ಅದರ ಜೊತೆ ಜಗಳಕ್ಕಿಳಿದಿದ್ದೆ.

ಕಡ್ಡಿ ಬದಲಿಸಿದ ಮೇಲೆ, "ಈಗ ನೀವು ಹಚ್ಚಿ" ಎಂದ. ನಾನು ಫೋನಿನಲ್ಲಿ ಐದು ನಿಮಿಷದ ಟೈಮರ್ ಇಟ್ಟೆ. ಅವನು ಒಂದು ಡಬ್ಬದ ಮೇಲೆ ಕೂತು ತನ್ನ ಕಾಫಿ ಕುಡಿದ.

ಐದು ನಿಮಿಷ ಎಷ್ಟು ಉದ್ದ ಅಂತ ಆವತ್ತು ಗೊತ್ತಾಯಿತು. ಕಾಂಕ್ರೀಟ್ ನೆಲದ ತಂಪು ಸೀದಾ ಮಂಡಿಗೆ ಏರುತ್ತಿತ್ತು. ಟೈಮರ್ ಹೊಡೆದ ಮೇಲೆ ಮೊದಲು ನೆಲದ ಹತ್ತಿರ, ಆಮೇಲೆ ಎದ್ದು ನಿಂತು ಮೂಸಿದೆ. ಹಳೆ ಧೂಳು ಬಿಟ್ಟರೆ ಏನೂ ಇಲ್ಲ. ಗುಂಡಿಯನ್ನು ಪೈಲಟ್ ಗುರುತಿಗೆ ತಂದೆ. ಕೈಯಲ್ಲೇ, ಇಕ್ಕಳ ಹಾಕದೆ. ಕೈಗೆ ಬಗ್ಗದ ಗುಂಡಿಯನ್ನು ಇಕ್ಕಳದಲ್ಲಿ ತಿರುಗಿಸಿದರೆ ಒಳಗೆ ಮುರಿದು ಬೆಂಕಿಯೋ ಸ್ಫೋಟವೋ ಆದೀತು ಎಂದು ಲೇಬಲ್‌ನಲ್ಲೇ ಬರೆದಿದೆ. ಮೊದಲು ಲೈಟರ್ ಉರಿಸಿ ಪೈಲಟ್ ಹತ್ತಿರ ಹಿಡಿದೆ, ಆಮೇಲೆ ಗುಂಡಿ ಒತ್ತಿದೆ. ಹಿಂದಿನ ಸಂಜೆ ಇದನ್ನೇ ಉಲ್ಟಾ ಮಾಡಿದ್ದೆ. ಫುಸ್ ಎಂದು ಸಣ್ಣ ಸದ್ದು, ಕಿರುಬೆರಳಷ್ಟು ನೀಲಿ ಜ್ವಾಲೆ. ಅದು ಬಾಗಿ ತಾಮ್ರದ ಕಡ್ಡಿಯ ತುದಿಯನ್ನು ನೆಕ್ಕುತ್ತಿತ್ತು. ಒಂದು, ಎರಡು, ಮೂರು ಎಂದು ಅರವತ್ತರವರೆಗೆ ಎಣಿಸಿದೆ. ನಲವತ್ತರ ಹೊತ್ತಿಗೆ ಹೆಬ್ಬೆರಳು ನೋಯತೊಡಗಿತು. ತುದಿ ಕೆಂಪಗಾಯಿತು. ಅರವತ್ತಕ್ಕೆ ಮೆಲ್ಲಗೆ ಬಿಟ್ಟೆ. ಜ್ವಾಲೆ ಒಮ್ಮೆ ಅಲುಗಿತು, ನಿಂತಿತು.

ಮುಖ ಹಿಂದಕ್ಕೆ ಇಟ್ಟುಕೊಂಡು ಗುಂಡಿಯನ್ನು ಆನ್‌ಗೆ ತಿರುಗಿಸಿದೆ. ತಗಡು ಮುಚ್ಚಿ, ಕರೆಂಟ್ ಹಾಕಿ, ಮಗಳಿಗೆ ಮೇಲೆ ಥರ್ಮೋಸ್ಟ್ಯಾಟ್ ಏರಿಸಲು ಕೂಗಿ ಹೇಳಿದೆ. ಕಿಂಡಿಯಿಂದ ನೋಡುತ್ತಿದ್ದಂತೆ ಬರ್ನರ್‌ಗಳು ಒಂದರಿಂದ ಒಂದು ಹತ್ತಿಕೊಂಡವು, ಕಾರ್ತಿಕದಲ್ಲಿ ಸಾಲುದೀಪ ಹಚ್ಚಿದ ಹಾಗೆ. ಫ್ಯಾನ್ ಮಾತ್ರ ತಿರುಗಲಿಲ್ಲ. ನಾನು ಮೆಕ್ಯಾನಿಕ್ ಮುಖ ನೋಡಿದೆ. ಲೋಹದ ಗೂಡು ಕಾಯುವವರೆಗೆ ಫ್ಯಾನ್ ಬರುವುದಿಲ್ಲ, ಇಲ್ಲದಿದ್ದರೆ ಕೋಣೆಗೆ ತಣ್ಣನೆ ಗಾಳಿ ಬೀಸುತ್ತೆ ಎಂದ. ಸ್ವಲ್ಪ ಹೊತ್ತಿಗೆ ಗುಡುಗಿನ ಹಾಗೆ ಸದ್ದು ಮಾಡಿ ಅದೂ ಶುರುವಾಯಿತು.

ಹೋಗುವ ಮುಂಚೆ ಅವನು ಇನ್ನೂ ಎರಡು ವಿಷಯ ತೋರಿಸಿದ. ಒಂದು, ಜ್ವಾಲೆಯ ಬಣ್ಣ. ನೀಲಿಯಾಗಿ ನೆಟ್ಟಗೆ ನಿಂತಿರಬೇಕು. ಧೂಳು ಸಿಕ್ಕಿ ಆಗೊಮ್ಮೆ ಈಗೊಮ್ಮೆ ಕಿತ್ತಳೆ ಮಿಂಚು ಬಂದರೆ ಪರವಾಗಿಲ್ಲ. ಹಳದಿಯಾಗಿ, ಸೋಮಾರಿಯಾಗಿ ಆಡುತ್ತಿದ್ದರೆ ಗ್ಯಾಸ್ ಪೂರ್ತಿ ಉರಿಯುತ್ತಿಲ್ಲ, ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತಿರಬಹುದು. ಆಗ ಆರಿಸಿ ಕರೆಯಬೇಕು. ಇನ್ನೊಂದು, ಚಿಮಣಿ ಸೆಳೆಯುತ್ತಿದೆಯಾ ಅನ್ನುವುದು. ಪೆಟ್ಟಿಗೆಯ ಮೇಲೆ, ಹೊಗೆ ಕೊಳವೆಗೆ ಸೇರುವ ಕಡೆ ಒಂದು ತೆರೆದ ಬಾಯಿ ಇದೆ. ಫರ್ನೇಸ್ ಐದು ನಿಮಿಷ ಉರಿದ ಮೇಲೆ ಅಲ್ಲಿ ಹೊಗೆ ಹಿಡಿದರೆ ಒಳಕ್ಕೆ ಎಳೆದುಕೊಳ್ಳಬೇಕು, ಹೊರಕ್ಕೆ ತಳ್ಳಬಾರದು. ಅವನು ಹೊಗೆಗೆ ಏನೋ ಹುಡುಕುತ್ತಿದ್ದ. ನಾನು ದೇವರ ಗೂಡಿನಿಂದ ಒಂದು ಊದುಬತ್ತಿ ತಂದುಕೊಟ್ಟೆ. ಅದರ ಹೊಗೆ ದಾರದ ಹಾಗೆ ಬಾಗಿ ಸೀದಾ ಒಳಗೆ ಹೋಯಿತು. ಅವನು ಊದುಬತ್ತಿಯ ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿದ, ಎರಡು ಕಡ್ಡಿ ಕೇಳಿ ತೆಗೆದುಕೊಂಡು ಹೋದ. ಗ್ಯಾಸಿನ ವಾಸನೆ ಪೂರ್ತಿ ಇಲ್ಲ ಎಂದು ಗೊತ್ತಾದ ಮೇಲಷ್ಟೇ ಇದನ್ನು ಮಾಡಬೇಕು, ಅಷ್ಟು ನೆನಪಿರಲಿ.

ಕಾರ್ಬನ್ ಮಾನಾಕ್ಸೈಡ್ ಬಗ್ಗೆ ನಮಗೇನೂ ಹೊಸದಾಗಿ ಹೇಳಬೇಕಿಲ್ಲ. ಬೆಂಗಳೂರಿನಲ್ಲಿ ಗಾಳಿಯಾಡದ ಬಾತ್‌ರೂಮಿನ ಗ್ಯಾಸ್ ಗೀಸರ್‌ನಿಂದ ಜನ ಸತ್ತ ಸುದ್ದಿ ಓದುತ್ತಲೇ ಇರುತ್ತೇವೆ. ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕ ಕೂರಬೇಕಾದ ಜಾಗದಲ್ಲಿ ಇದು ಕೂರುತ್ತದೆ, ಅದಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಗಟ್ಟಿಯಾಗಿ. ತಲೆನೋವು, ತಲೆಸುತ್ತು, ವಾಕರಿಕೆ. ಜ್ವರ ಬರುತ್ತಿದೆ ಅಂದುಕೊಂಡು ಮಲಗಿಬಿಟ್ಟರೆ ಮುಗಿಯಿತು. ಮಲಗುವ ಕೋಣೆಗಳ ಹತ್ತಿರ ಒಂದು, ಬೇಸ್‌ಮೆಂಟಿನಲ್ಲಿ ಫರ್ನೇಸಿನಿಂದ ದೂರದಲ್ಲಿ ಒಂದು, ಹೀಗೆ ಎರಡು ಅಲಾರಂ ಅದೇ ವಾರ ತಂದು ಹಾಕಿದೆ. ಮೂರು ಮೂರು ಸಲ ಕೂಗಿದರೆ ಹೊಗೆ, ನಾಲ್ಕು ನಾಲ್ಕು ಸಲ ಕೂಗಿದರೆ ಇದು. ಮಗಳಿಗೆ ಆಟದ ಹಾಗೆ ಕಲಿಸಿದೆ.

ಆ ಮೊದಲ ದಿನ ಮನೆಯಿಡೀ ಸುಟ್ಟ ವಾಸನೆ. ಬೇಸಿಗೆಯಲ್ಲಿ ಕೂತ ಧೂಳು ಸುಡುವುದು ಅದು, ಸ್ವಲ್ಪ ಹೊತ್ತಿಗೆ ಹೋಗುತ್ತದೆ. ರಾತ್ರಿ ತಗಡಿನ ಕೊಳವೆಗಳು ಬಿಸಿಗೆ ಹಿಗ್ಗಿ ಟಣ್, ಟಕ್ ಎನ್ನುತ್ತಿದ್ದವು. ಹಂಚಿನ ಮಾಡಿನ ಮೇಲೆ ಬೆಕ್ಕು ಓಡಾಡಿದ ಹಾಗಿತ್ತು. ವಾಟ್ಸಾಪ್‌ನಲ್ಲಿ ಅಮ್ಮನಿಗೆ ಸದ್ದು ಕೇಳಿಸಿದೆ. "ಎಂತ ಮಾರಾಯ್ತಿ, ಒಲೆ ಕೆಳಗೆ, ಬಿಸಿ ಮೇಲೆ, ಬೂದಿ ಎಲ್ಲಿ?" ಎಂದಳು.

ಆ ಚಳಿಗಾಲ ಹೇಗಿತ್ತು ಅನ್ನುವುದು ಮಿಷಿಗನ್‌ನಲ್ಲಿ ಇದ್ದವರಿಗೆಲ್ಲ ನೆನಪಿದೆ. 2019ರ ಜನವರಿ 30, ಧ್ರುವದ ಚಳಿ ಇಳಿದು ಶಾಲೆಗಳಿಗೆಲ್ಲ ರಜೆ. ಅವತ್ತೇ ಮಕೋಂಬ್ ಕೌಂಟಿಯಲ್ಲಿ ಗ್ಯಾಸನ್ನು ಒತ್ತಡದಲ್ಲಿ ಪೈಪಿಗೆ ತಳ್ಳುವ ಒಂದು ಕಂಪ್ರೆಸರ್ ಸ್ಟೇಷನ್‌ನಲ್ಲಿ ಬೆಂಕಿ ಬಿತ್ತು. ರಾತ್ರಿ ಎಲ್ಲರ ಫೋನುಗಳೂ ಒಟ್ಟಿಗೆ ಕಿರುಚಿದವು: ಥರ್ಮೋಸ್ಟ್ಯಾಟನ್ನು 65 ಡಿಗ್ರಿಗೆ, ಅಂದರೆ ನಮ್ಮ ಲೆಕ್ಕದ 18ಕ್ಕೆ ಇಳಿಸಿ. ಇಳಿಸಿದೆವು. ಎಲ್ಲರೂ ಸ್ವಲ್ಪ ಸ್ವಲ್ಪ ಇಳಿಸಿದರೆ ಯಾರ ಮನೆಯ ಪೈಲಟ್ ಕೂಡ ಆರುವುದಿಲ್ಲ ಅನ್ನುವ ಲೆಕ್ಕ. ಎರಡೆರಡು ಸ್ವೆಟರ್ ಹಾಕಿಕೊಂಡು ಬಿಸಿಬೇಳೆ ಬಾತ್ ತಿಂದೆವು. ನಾನು ಗಂಟೆಗೊಮ್ಮೆ ಕೆಳಗೆ ಹೋಗಿ ಕಿಂಡಿಯಲ್ಲಿ ಇಣುಕಿ ಬರುತ್ತಿದ್ದೆ. ಹೋಗಿ ಮಾಡುವುದೇನೂ ಇರಲಿಲ್ಲ, ಸುಮ್ನೆ.

ಇನ್ನು ಆರಿಸುವ ಮಾತು. ಹಚ್ಚುವುದಕ್ಕಿಂತ ಇದರಲ್ಲೇ ಜನ ಜಾಸ್ತಿ ಎಡವುವುದು ಅನ್ನಿಸುತ್ತದೆ ನನಗೆ. ಎಡವುವವರಲ್ಲಿ ನಮ್ಮವರು ಬಹಳ, ಯಾಕೆಂದರೆ ನಾವು ಊರಿಗೆ ಹೋಗುವುದು ಡಿಸೆಂಬರ್‌ನಲ್ಲಿ.

ಪರಿಚಯದವರೊಬ್ಬರು ಬೆಂಗಳೂರಿಗೆ ನಾಲ್ಕು ವಾರ ಹೋಗುವಾಗ, ಮನೆಯಲ್ಲಿ ಯಾರೂ ಇಲ್ಲವಲ್ಲ ಎಂದು ಫರ್ನೇಸ್ ಪೂರ್ತಿ ಆರಿಸಿ ಹೋದರು. ಊರಲ್ಲಿ ಸಿಲಿಂಡರ್ ರೆಗ್ಯುಲೇಟರ್ ಬಂದ್ ಮಾಡಿ ಹೊರಡುತ್ತೇವಲ್ಲ, ಹಾಗೆ. ಮನೆ ತಣ್ಣಗಾಯಿತು, ಗೋಡೆಯೊಳಗಿನ ನೀರಿನ ಪೈಪು ಹೆಪ್ಪುಗಟ್ಟಿ ಒಡೆಯಿತು. ವಾಪಸ್ ಬಂದಾಗ ಅಡಿಗೆಮನೆಯ ನೆಲದ ಮೇಲೆ ಮಂಜುಗಡ್ಡೆ. ಗ್ಯಾಸಿನಲ್ಲಿ ಉಳಿಸಿದ್ದು ನೂರು ಡಾಲರ್ ಇದ್ದೀತು, ರಿಪೇರಿ ಆಗುವವರೆಗೆ ಅವರು ತಿಂಗಳುಗಟ್ಟಲೆ ಬಾಡಿಗೆ ಮನೆಯಲ್ಲಿದ್ದರು.

2019ರ ಡಿಸೆಂಬರ್‌ನಲ್ಲಿ ನಾವು ತೀರ್ಥಹಳ್ಳಿಗೆ ಹೊರಟಾಗ ಫರ್ನೇಸನ್ನು ಆರಿಸಲಿಲ್ಲ. ಥರ್ಮೋಸ್ಟ್ಯಾಟನ್ನು 55ಕ್ಕೆ ಇಳಿಸಿದೆವು, ಅಂದರೆ ಸುಮಾರು 13 ಡಿಗ್ರಿ. ನೀರಿನ ಮುಖ್ಯ ಕಾಕ್ ಬಂದ್ ಮಾಡಿ ನಲ್ಲಿಗಳನ್ನೆಲ್ಲ ತೆರೆದು ಖಾಲಿ ಮಾಡಿದೆವು. ಸಿಂಕಿನ ಕೆಳಗಿನ ಬಾಗಿಲುಗಳನ್ನು ತೆರೆದಿಟ್ಟೆವು, ಪೈಪಿಗೆ ಬಿಸಿ ತಾಗಲಿ ಅಂತ. ಫರ್ನೇಸಿಗೆ ಹೊಸ ಗಾಳಿ ಫಿಲ್ಟರ್ ಹಾಕಿದೆವು. ಕೀಲಿಕೈ ಅಜ್ಜನಿಗೆ. ಅವನು ಎರಡು ದಿನಕ್ಕೊಮ್ಮೆ ಹೋಗಿ ಥರ್ಮೋಸ್ಟ್ಯಾಟಿನ ಫೋಟೋ ಕಳಿಸುತ್ತಿದ್ದ. ಅಡಿಕೆ ಸುಲಿಯುವ ಚಪ್ಪರದಲ್ಲಿ ಕೂತು ನಾನು ಲಿವೋನಿಯಾದ 55ನ್ನು ನೋಡುತ್ತಿದ್ದೆ.

ನಿಜವಾಗಿ ಆರಿಸುವುದು ಮೇ ತಿಂಗಳಲ್ಲಿ. ಥರ್ಮೋಸ್ಟ್ಯಾಟನ್ನು ಆಫ್ ಮಾಡಿದರೆ ದೊಡ್ಡ ಉರಿ ಮಾತ್ರ ಬರುವುದಿಲ್ಲ. ಪೈಲಟ್ ಉರಿಯುತ್ತಲೇ ಇರುತ್ತದೆ, ಬಿಲ್ಲೂ ಬರುತ್ತಲೇ ಇರುತ್ತದೆ. ಗುಂಡಿಯನ್ನು ಆನ್‌ನಿಂದ ಪೈಲಟ್‌ಗೆ ತಂದು, ಅಲ್ಲಿ ಸ್ವಲ್ಪ ಒತ್ತಿ ಆಫ್‌ಗೆ ತಿರುಗಿಸಬೇಕು. ಒತ್ತದಿದ್ದರೆ ತಿರುಗುವುದಿಲ್ಲ, ಕೈತಪ್ಪಿ ಆರಿಹೋಗದಿರಲಿ ಅಂತ ಹಾಗೆ ಮಾಡಿದ್ದಾರೆ. ಜ್ವಾಲೆ ಹೋದದ್ದನ್ನು ಕಣ್ಣಲ್ಲಿ ನೋಡಿಕೊಂಡೆ. ಆಮೇಲೆ ಪೈಪಿನ ಮೇಲಿನ ಕಾಕ್. ಅದರ ಹಿಡಿ ಪೈಪಿನ ಜೊತೆ ಉದ್ದಕ್ಕೆ ಮಲಗಿದ್ದರೆ ಗ್ಯಾಸ್ ಹರಿಯುತ್ತಿದೆ, ಅಡ್ಡಕ್ಕೆ ನಿಂತರೆ ಬಂದ್. ಆದರೆ ಯಾವ ಕಾಕ್ ಅನ್ನುವುದನ್ನು ಬೆರಳಿಟ್ಟು ಪೈಪಿನುದ್ದಕ್ಕೂ ಹೋಗಿ ಖಾತ್ರಿ ಮಾಡಿಕೊಳ್ಳಿ. ಪಕ್ಕದಲ್ಲೇ ನೀರು ಕಾಯಿಸುವ ಟ್ಯಾಂಕಿನದೂ ಇರುತ್ತದೆ. ಅದನ್ನು ಬಂದ್ ಮಾಡಿದರೆ ಮರುದಿನ ಬೆಳಿಗ್ಗೆ ಅಪ್ಪನ ಹಾಗೆ ಗೊಣಗುವವರು ನಮ್ಮ ಮನೆಯಲ್ಲೂ ಇದ್ದಾರೆ.

ಪೈಲಟ್ ಆರಿಸಬೇಡ, ಬೇಸಿಗೆಯಲ್ಲೂ ಉರಿಯುತ್ತಿದ್ದರೆ ಒಳಗೆ ತೇವ ಕೂರಲ್ಲ, ತುಕ್ಕು ಹಿಡಿಯಲ್ಲ ಅನ್ನುವುದು ಅಜ್ಜನ ವಾದ. ಇರಬಹುದು. ನಾನು ಆರಿಸಿದೆ. ಆರಿಸಿದ ಮೇಲೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಪಕ್ಕದಲ್ಲಿದ್ದ ಕರೆಂಟ್ ಸ್ವಿಚ್ಚನ್ನೂ ಆರಿಸಿದೆ. ಪೂರ್ತಿ ಬಂದ್ ಅಂದರೆ ಪೂರ್ತಿ ಬಂದ್, ಅಲ್ವಾ?

ಜೂನ್‌ನಲ್ಲಿ ಸೆಕೆ ಶುರುವಾಗಿ ಎಸಿ ಹಾಕಿದರೆ ಗಾಳಿಯೇ ಇಲ್ಲ. ಹೊರಗಿನ ಯಂತ್ರ ಗುರ್ ಎನ್ನುತ್ತಿದೆ, ಒಳಗೆ ಉಸಿರಿಲ್ಲ. ಎಸಿಯವನನ್ನು ಕರೆಸಿದೆವು. ಅವನು ಬೇಸ್‌ಮೆಂಟಿಗೆ ಇಳಿದು, ಆ ಸ್ವಿಚ್ಚನ್ನು ಟಕ್ ಎಂದು ಮೇಲೆ ಮಾಡಿ, ಫೀಸ್ ತೆಗೆದುಕೊಂಡು ಹೋದ. ಎಸಿಯ ತಂಪನ್ನೂ ಕೋಣೆಗಳಿಗೆ ಊದುವುದು ಫರ್ನೇಸಿನ ಅದೇ ಫ್ಯಾನು. ಈ ಕತೆಯನ್ನು ಮನೆಯವರು ಕನ್ನಡ ಕೂಟದ ಪ್ರತಿ ಊಟದಲ್ಲೂ ಹೇಳುತ್ತಾರೆ. ಸ್ವಿಚ್ ಇರುವುದೇ ಗೊತ್ತಿರದ ಅವರಿಗೆ ಹೇಳುವ ಹಕ್ಕು ಎಷ್ಟಿದೆಯೋ.

2021ರಲ್ಲಿ ಹಳೆ ಪೆಟ್ಟಿಗೆಯ ಲೋಹದ ಗೂಡಿನಲ್ಲಿ ಬಿರುಕು ಕಂಡಿತು. ಹೊಗೆ ಮತ್ತು ಗಾಳಿ ಸೇರಬಾರದು ಎಂದೆನಲ್ಲ, ಸೇರುವ ದಾರಿ ಅದು. ಅದೇ ದಿನ ಆರಿಸಿ ಹೊಸದು ಹಾಕಿಸಿದೆವು. ಹೊಸದಕ್ಕೆ ಪೈಲಟ್ ಇಲ್ಲ, ಲೈಟರ್ ಹಿಡಿಯುವ ಕೆಲಸವೇ ಇಲ್ಲ. ಥರ್ಮೋಸ್ಟ್ಯಾಟ್ ಏರಿಸಿದರೆ ಮೊದಲು ಒಂದು ಸಣ್ಣ ಫ್ಯಾನ್ ತಿರುಗಿ ಒಳಗೆ ಉಳಿದದ್ದನ್ನೆಲ್ಲ ಹೊರಗೆ ತಳ್ಳುತ್ತದೆ. ನನ್ನ ಐದು ನಿಮಿಷದ ಕೆಲಸ ಅದು, ಯಂತ್ರವೇ ಮಾಡಿಕೊಳ್ಳುತ್ತದೆ. ಗಾಳಿ ಸರಿಯಾಗಿ ಹೋಗುತ್ತಿದೆ ಎಂದು ಒಂದು ಸ್ವಿಚ್ ಒಪ್ಪಿದ ಮೇಲೆ ಕಡ್ಡಿಯೊಂದು ಕೆಂಪಗೆ ಕಾಯುತ್ತದೆ, ಗ್ಯಾಸ್ ಬಿಡುತ್ತದೆ, ಜ್ವಾಲೆ ಹತ್ತಿತೋ ಇಲ್ಲವೋ ಅಂತ ಇನ್ನೊಂದು ಕಡ್ಡಿ ನೋಡುತ್ತದೆ. ಹತ್ತದಿದ್ದರೆ ಗ್ಯಾಸ್ ನಿಲ್ಲಿಸಿ ಮತ್ತೆ ಮೊದಲಿಂದ. ಕೆಲವು ಸಲ ನೋಡಿ ಸಾಕಾದರೆ ತಾನೇ ಬಾಗಿಲು ಹಾಕಿಕೊಂಡು ಕೂರುತ್ತದೆ. ನನಗಿಂತ ಬುದ್ಧಿವಂತ.

ಆದರೂ ಎರಡು ಸಲ ಕೈ ಕೊಟ್ಟಿತು. ಒಮ್ಮೆ ಫಿಲ್ಟರ್ ಬದಲಿಸಿದ ಮೇಲೆ ಏನು ಮಾಡಿದರೂ ಶುರುವಾಗಲಿಲ್ಲ. ಅರ್ಧ ಗಂಟೆ ಒದ್ದಾಡಿದ ಮೇಲೆ ನೋಡಿದರೆ ಕೆಳಗಿನ ಬಾಗಿಲು ಪೂರ್ತಿ ಕೂತಿರಲಿಲ್ಲ. ಬಾಗಿಲ ಹಿಂದೆ ಒಂದು ಗುಂಡಿ ಇದೆ, ಅದು ಒತ್ತಿಕೊಂಡಿದ್ದರೆ ಮಾತ್ರ ಕರೆಂಟು ಹರಿಯುವುದು. ಅಂಗೈಯಿಂದ ಒಂದು ಗುದ್ದು, ಶುರು. ಆ ಗುಂಡಿಗೆ ಟೇಪ್ ಸುತ್ತಿ ಸದಾ ಒತ್ತಿರುವ ಹಾಗೆ ಮಾಡುವವರಿದ್ದಾರೆ, ದಯವಿಟ್ಟು ಬೇಡ.

ಇನ್ನೊಮ್ಮೆ ಫೆಬ್ರವರಿಯ ಹಿಮದ ರಾತ್ರಿ. ಹೊಸದರ ಹೊಗೆ ಚಿಮಣಿಗೆ ಹೋಗುವುದಿಲ್ಲ, ಮನೆಯ ಪಕ್ಕದ ಗೋಡೆಯಿಂದ ಎರಡು ಬಿಳಿ ಪಿವಿಸಿ ಪೈಪುಗಳಲ್ಲಿ ಗಾಳಿ ಒಳಗೆ, ಹೊಗೆ ಹೊರಗೆ. ಬೆಳಗಿನ ಜಾವ ಮನೆ ತಣ್ಣಗಾಗಿತ್ತು, ಪೆಟ್ಟಿಗೆಯ ಕಿಂಡಿಯಲ್ಲಿ ದೀಪ ಮಿಣುಕುತ್ತಿತ್ತು. ಮಿಣುಕುವ ಲೆಕ್ಕ ಎಣಿಸಿ ಬಾಗಿಲ ಒಳಗಿನ ಪಟ್ಟಿ ನೋಡಿದರೆ ಗಾಳಿಯ ಒತ್ತಡದ ತೊಂದರೆ ಎಂದಿತ್ತು. ಹೊರಗೆ ಹೋಗಿ ನೋಡಿದರೆ ಎರಡೂ ಪೈಪು ಹಿಮದಲ್ಲಿ ಮುಚ್ಚಿಹೋಗಿದ್ದವು. ಸಲಿಕೆ ತಾಗಿದರೆ ಪೈಪು ಮುರಿದೀತೆಂದು ಕೈಯಲ್ಲೇ ಬಗೆದೆ. ಕರೆಂಟ್ ಆರಿಸಿ, ಸ್ವಲ್ಪ ಹೊತ್ತು ಬಿಟ್ಟು, ಒಮ್ಮೆ ಹಾಕಿದೆ. ಒಮ್ಮೆಯೇ. ಅಷ್ಟಕ್ಕೆ ಆಗದಿದ್ದರೆ ಮತ್ತೆ ಮತ್ತೆ ಹಾಕಿ ತೆಗೆದು ಮಾಡದೆ ಮೆಕ್ಯಾನಿಕ್‌ಗೆ ಫೋನ್ ಮಾಡಬೇಕೆಂದು ತೀರ್ಮಾನಿಸಿಯೇ ಹೋಗಿದ್ದೆ. ಆಯಿತು.

ಕಳೆದ ಅಕ್ಟೋಬರ್‌ನಲ್ಲಿ ಅಜ್ಜ ಬಾಗಿಲು ತಟ್ಟಿದ. ತುಕ್ಕಿನ ವಾದ ಮಾಡಿದವನೇ, ಆ ವರ್ಷ ಚಿಮಣಿ ಗುಡಿಸಲು ಬಂದವರಿಗೆಂದು ಪೈಲಟ್ ಆರಿಸಿಟ್ಟಿದ್ದನಂತೆ. ಈಗ ಮಂಡಿ ಬಗ್ಗುತ್ತಿಲ್ಲ, ನೆಲಕ್ಕೆ ಕೂತರೆ ಏಳಲಾಗುವುದಿಲ್ಲ. "ನೀನು ಹಚ್ಚಿಕೊಡುತ್ತೀಯಾ?"

ಅವನದು ಇನ್ನೂ ಪೈಲಟ್ ಇರುವ ಹಳೆ ಪೆಟ್ಟಿಗೆ. ನಮ್ಮದಕ್ಕಿಂತ ಹಳೇದು, ಆದರೆ ಕನ್ನಡಿಯ ಹಾಗೆ ಒರೆಸಿಟ್ಟಿದ್ದಾನೆ. ಥರ್ಮೋಸ್ಟ್ಯಾಟ್ ಇಳಿಸಿ, ಕರೆಂಟ್ ಆರಿಸಿ, ಗುಂಡಿ ಆಫ್‌ನಲ್ಲಿದೆ ಎಂದು ನೋಡಿ, ನೆಲದ ಮೇಲೆ ಕೂತೆ. ಅವನು ಮೆಟ್ಟಿಲ ಮೇಲೆ ಕೂತು ಕೈಗಡಿಯಾರ ಬಿಚ್ಚಿ ತೊಡೆಯ ಮೇಲಿಟ್ಟುಕೊಂಡ. ಹನ್ನೆರಡರ ಮಗಳು ಈಗ ನನ್ನಷ್ಟೇ ಎತ್ತರ, ಲೈಟರ್ ಹಿಡಿದು ಪಕ್ಕದಲ್ಲಿ ನಿಂತಿದ್ದಳು. ಸ್ವಲ್ಪ ಹೊತ್ತಾದ ಮೇಲೆ, "ಆಯ್ತಲ್ವಾ ಅಮ್ಮಾ, ಹಚ್ಚಲಾ?" ಎಂದಳು.

ಕನ್ನಡ ಬಾರದ ಅಜ್ಜನಿಗೆ ಅದು ಹೇಗೆ ಅರ್ಥವಾಯಿತೋ, ಗಡಿಯಾರದಿಂದ ತಲೆಯೆತ್ತದೆ ಎರಡು ಬೆರಳು ತೋರಿಸಿದ. ಇನ್ನೂ ಎರಡು ನಿಮಿಷ.